‘ನಿಮ್ಮ ಪಾಯಿಂಟ್ ಇಂದೇ ಮುಗಿಯುತ್ತದೆ’: ಒಂದು ವಾಕ್ಯದ ಇತಿಹಾಸ

‘ನಿಮ್ಮ 9,980 ರೂಪಾಯಿ ಮೌಲ್ಯದ ರಿವಾರ್ಡ್ ಪಾಯಿಂಟ್ ಇಂದೇ ಮುಗಿಯುತ್ತದೆ. ಕೆಳಗಿನ ಆ್ಯಪ್ ಹಾಕಿಕೊಂಡು ಹಣ ಪಡೆಯಿರಿ.’

ಇಂಥ ಮೆಸೇಜು ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬಹುದು. ವಿಮಾನ ಹತ್ತದವರಿಗೂ ಬರುತ್ತದೆ, ಕ್ರೆಡಿಟ್ ಕಾರ್ಡ್ ಕಣ್ಣಲ್ಲಿ ಕಾಣದವರಿಗೂ ಬರುತ್ತದೆ. ಒತ್ತಿದವರ ಖಾತೆ ಖಾಲಿಯಾದ ಸುದ್ದಿಗಳನ್ನು ನಮ್ಮಂಥ ವರದಿಗಾರರು ಬರೆಯುತ್ತಲೇ ಇದ್ದೇವೆ. ಆದರೆ ನನಗೆ ಕಾಡಿದ ಪ್ರಶ್ನೆ ಬೇರೆ. ಮೋಸ ಮಾಡುವವನಿಗೆ ನೂರು ಸುಳ್ಳು ಗೊತ್ತು. ಅದರಲ್ಲಿ ಈ ‘ಇಂದೇ ಮುಗಿಯುತ್ತದೆ’ ಎಂಬುದನ್ನೇ ಯಾಕೆ ಆರಿಸಿಕೊಂಡ?

ಈ ವಾಕ್ಯವನ್ನು ಅವನು ಹುಟ್ಟಿಸಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಹತ್ತಾರು ವರ್ಷಗಳಿಂದ ಜನರಿಗೆ ಹೇಳಿಕೊಟ್ಟ ಪಾಠ ಅದು. ಅದರ ಬೇರು ಹುಡುಕಿದರೆ ಅಮೆರಿಕದ ಕಿರಾಣಿ ಅಂಗಡಿಗೆ ಹೋಗಿ ನಿಲ್ಲುತ್ತೇವೆ.

1896ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜಾಕ್ಸನ್ ಎಂಬ ಊರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಇಬ್ಬರು ಒಂದು ಕಂಪನಿ ಶುರು ಮಾಡಿದರು. ಅವರು ಮಾರುತ್ತಿದ್ದದ್ದು ಅಂಚೆಚೀಟಿಯಂತೆ ಕಾಣುವ, ಹಿಂದೆ ಅಂಟು ಹಚ್ಚಿದ ಹಸಿರು ಚೀಟಿ. ಕೊಳ್ಳುವವರು ಅಂಗಡಿಯವರು. ಗಿರಾಕಿ ಹತ್ತು ಸೆಂಟ್ ಸಾಮಾನು ಕೊಂಡರೆ ಅಂಗಡಿಯವ ಒಂದು ಚೀಟಿ ಕೊಡುತ್ತಿದ್ದ. ಮನೆಯ ಹೆಂಗಸರು ಮಕ್ಕಳು ಅದನ್ನು ನೆಕ್ಕಿ ಪುಸ್ತಕಕ್ಕೆ ಅಂಟಿಸುತ್ತಿದ್ದರು. 1,200 ಚೀಟಿಗೆ ಒಂದು ಪುಸ್ತಕ ತುಂಬುತ್ತಿತ್ತು, ಅಂದರೆ 120 ಡಾಲರ್ ವ್ಯಾಪಾರ. ತುಂಬಿದ ಪುಸ್ತಕ ಒಯ್ದು ಕೊಟ್ಟರೆ ಕಂಬಳಿಯೋ ದೀಪವೋ ಅಡುಗೆ ಪಾತ್ರೆಯೋ ಸಿಗುತ್ತಿತ್ತು. ನಮ್ಮಲ್ಲಿ ಚಹಾಪುಡಿ ಪ್ಯಾಕೆಟ್ಟಿನ ಚೀಟಿ ಕೂಡಿಸಿ ಸ್ಟೀಲ್ ಲೋಟ ತಂದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಪುಕ್ಕಟೆ ಅಂತ ಕಾಣುವ ಆ ಕಂಬಳಿಯ ದುಡ್ಡು ಎಲ್ಲಿಂದ ಬಂತು? ಅಂಗಡಿಯವನು ಚೀಟಿಗಾಗಿ ತನ್ನ ವ್ಯಾಪಾರದ ನೂರಕ್ಕೆ ಸುಮಾರು ಎರಡು ರೂಪಾಯಿಯ ಲೆಕ್ಕದಲ್ಲಿ ಕಂಪನಿಗೆ ಕೊಡುತ್ತಿದ್ದ. ಅದನ್ನು ಸಕ್ಕರೆ, ಹಿಟ್ಟು, ಸಾಬೂನಿನ ಬೆಲೆಯಲ್ಲಿ ಸೇರಿಸಿಕೊಳ್ಳುತ್ತಿದ್ದ. ಚೀಟಿ ಕೂಡಿಸಿದವನೂ ಕೂಡಿಸದವನೂ ಅದೇ ಬೆಲೆ ಕೊಟ್ಟ. ಕಂಬಳಿ ಸಿಕ್ಕಿದ್ದು ಕೂಡಿಸಿದವನಿಗೆ ಮಾತ್ರ.

ಇಲ್ಲಿ ಒಂದು ವಿಷಯ ನೆನಪಿಡಿ. ಆ ಹಸಿರು ಚೀಟಿಗೆ ಕೊನೆಯ ದಿನ ಇರಲಿಲ್ಲ. ಅಜ್ಜಿ ಪೆಟ್ಟಿಗೆಯಲ್ಲಿಟ್ಟ ಪುಸ್ತಕವನ್ನು ಮೊಮ್ಮಗಳು ಒಯ್ದರೂ ನಡೆಯುತ್ತಿತ್ತು. ಕಳೆದುಹೋದ ಚೀಟಿ, ಇಲಿ ಕಡಿದ ಚೀಟಿ, ಮರೆತುಹೋದ ಚೀಟಿ ಕಂಪನಿಗೆ ಲಾಭವೇ. ಆದರೆ ಇಂಥ ತಾರೀಖಿಗೆ ನಿನ್ನ ಚೀಟಿ ಸತ್ತಿತು ಎಂದು ಮಾತ್ರ ಅವರು ಹೇಳಲಿಲ್ಲ.

ಎರಡನೇ ಮಹಾಯುದ್ಧದ ನಂತರ ಈ ಚೀಟಿಗಳು ಪೆಟ್ರೋಲ್ ಬಂಕಿಗೆ ಬಂದವು. ಇಂಗ್ಲೆಂಡಿನಲ್ಲಿ ರಿಚರ್ಡ್ ಟಾಂಪ್ಕಿನ್ಸ್ ಎಂಬುವವರು 1958ರಲ್ಲಿ ‘ಗ್ರೀನ್ ಶೀಲ್ಡ್’ ಚೀಟಿ ಶುರು ಮಾಡಿದರು. ಬಂಕಿನವರು ‘ನಮ್ಮಲ್ಲಿ ಎರಡು ಪಟ್ಟು ಚೀಟಿ’, ‘ನಮ್ಮಲ್ಲಿ ನಾಲ್ಕು ಪಟ್ಟು’ ಎಂದು ಬೋರ್ಡು ಹಾಕಿ ಕೂಗಿದರು. ಯಾಕೆಂದರೆ ಈ ಬಂಕಿನ ಪೆಟ್ರೋಲಿಗೂ ಆ ಬಂಕಿನ ಪೆಟ್ರೋಲಿಗೂ ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬೇರೆ ಏನಾದರೂ ತೋರಿಸಲೇಬೇಕು.

ಅದೇ 1958ರಲ್ಲಿ ಕೆನಡಾದ ‘ಕೆನೇಡಿಯನ್ ಟೈರ್’ ಎಂಬ ಅಂಗಡಿಯವರು ಟೊರಾಂಟೊದ ತಮ್ಮ ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಉಪಾಯ ಮಾಡಿದರು. ಥೇಟ್ ನೋಟಿನಂತೆ ಕಾಣುವ ಕಾಗದ ಅಚ್ಚು ಹಾಕಿ, ಪೆಟ್ರೋಲ್ ಹಾಕಿಸಿದವರಿಗೆ ಕೊಟ್ಟರು. ಅವರದೇ ಅಂಗಡಿಯಲ್ಲಿ ಅದನ್ನು ದುಡ್ಡಿನ ಬದಲು ಕೊಡಬಹುದಿತ್ತು. ಅದಕ್ಕೂ ಕೊನೆಯ ದಿನ ಇಲ್ಲ. ಈಗ ಅವರೂ ಆ್ಯಪಿಗೆ ಬಂದಿದ್ದಾರೆ, ಆದರೆ ಹಳೆಯ ಕಾಗದ ಈಗಲೂ ನಡೆಯುತ್ತದೆ. ಅರವತ್ತು ವರ್ಷ ದಾಟಿದರೂ ಆ ಅಂಗಡಿ ಮುಳುಗಿಲ್ಲ. ಕೊನೆಯ ದಿನ ಇಡದಿದ್ದರೆ ವ್ಯಾಪಾರ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಅಂಗಡಿಯ ಹೆಸರು ಹೇಳಿ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಬಂಕಿನ ಮುಂದೆ ಮೈಲುಗಟ್ಟಲೆ ಕಾರುಗಳು ನಿಂತವು. ಪೆಟ್ರೋಲಿಗೇ ಜನ ಬೇಡುತ್ತಿರುವಾಗ ಚೀಟಿ ಕೊಟ್ಟು ಕರೆಯುವ ಅಗತ್ಯ ಯಾರಿಗಿದೆ? ಬಂಕುಗಳಿಂದ ಚೀಟಿ ಮಾಯವಾಯಿತು. ಇಂಗ್ಲೆಂಡಿನ ಟೆಸ್ಕೊ ಅಂಗಡಿಯವರು 1977ರಲ್ಲಿ ಚೀಟಿ ಬಿಟ್ಟು, ಆ ದುಡ್ಡನ್ನು ನೇರವಾಗಿ ಬೆಲೆ ಇಳಿಸಲು ಬಳಸಿದರು. ಅವರ ವ್ಯಾಪಾರ ಏರಿತು. ನನ್ನ ಅಭಿಪ್ರಾಯ ಕೇಳಿದರೆ, ಈ ಇಡೀ ಕಥೆಯಲ್ಲಿ ಗಿರಾಕಿಗೆ ನೆಟ್ಟಗೆ ಲಾಭವಾದ ಘಟ್ಟ ಅದೊಂದೇ.

ಇನ್ನು ವಿಮಾನ. 1978ರವರೆಗೆ ಅಮೆರಿಕದಲ್ಲಿ ವಿಮಾನದ ಟಿಕೆಟ್ ದರವನ್ನೂ ಮಾರ್ಗವನ್ನೂ ಸರ್ಕಾರವೇ ನಿಗದಿ ಮಾಡುತ್ತಿತ್ತು. ಆ ವರ್ಷ ಕಾನೂನು ಬದಲಾಗಿ ಕಂಪನಿಗಳು ಒಂದರ ಮೇಲೊಂದು ಬಿದ್ದವು. ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1979ರಲ್ಲಿ ಪ್ರಯಾಣಿಕ ಹಾರಿದ ಮೈಲಿ ಎಣಿಸಿ ಬಹುಮಾನ ಕೊಡಲು ಶುರು ಮಾಡಿತು. ಆದರೆ ಲೋಕಕ್ಕೆಲ್ಲ ಮಾದರಿಯಾದದ್ದು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ತಂದ ‘ಅಡ್ವಾಂಟೇಜ್’ ಯೋಜನೆ. ಪದೇ ಪದೇ ಬರುವ ಗಿರಾಕಿ ಯಾರು ಎಂದು ಕಂಡುಹಿಡಿಯಲು ಅವರು ಮಾಡಿದ್ದು ಸರಳ ಉಪಾಯ. ಟಿಕೆಟ್ ಬುಕ್ ಮಾಡುವ ತಮ್ಮ ಕಂಪ್ಯೂಟರಿನಲ್ಲಿ ಯಾವ ಫೋನ್ ನಂಬರ್ ಮತ್ತೆ ಮತ್ತೆ ಬರುತ್ತದೆ ಎಂದು ಹುಡುಕಿದರು. ಇವತ್ತು ನಮ್ಮ ಬಂಕಿನ ಹುಡುಗ ‘ಅಣ್ಣಾ, ನಂಬರ್ ಹೇಳ್ರಿ’ ಅನ್ನುತ್ತಾನಲ್ಲ, ಅದರ ಮುತ್ತಜ್ಜ ಅದು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ಅದೇ ದಾರಿ ಹಿಡಿಯಿತು.

ಕಂಪ್ಯೂಟರ್ ಬಂದ ಮೇಲೆ ಆದ ಮುಖ್ಯ ಬದಲಾವಣೆ ಇದು: ಚೀಟಿ ನಿಮ್ಮ ಕೈಯಲ್ಲಿತ್ತು, ಪಾಯಿಂಟ್ ಅವರ ಪುಸ್ತಕದಲ್ಲಿದೆ. ಯಾವ ದಿನ ಎಷ್ಟು ಬಂತು ಎಂಬುದು ಅವರಿಗೆ ಗೊತ್ತು. ಹಾಗಾಗಿ ಇಂಥ ದಿನದ ನಂತರ ಇಲ್ಲ ಎಂದು ಅಳಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭವಾಯಿತು.

ಉದ್ರಿ ಲೆಕ್ಕದಿಂದ ಹೇಳಿದರೆ ಇದು ಬೇಗ ತಿಳಿಯುತ್ತದೆ. ಊರಿನ ಅಂಗಡಿಯಲ್ಲಿ ನಾವು ಉದ್ರಿ ತರುತ್ತೇವೆ, ಅಂಗಡಿಯವ ಬರೆದಿಟ್ಟುಕೊಳ್ಳುತ್ತಾನೆ. ಸಾಲಗಾರರು ನಾವು, ಪುಸ್ತಕ ಅವನದು. ಪಾಯಿಂಟಿನಲ್ಲಿ ಸಾಲಗಾರ ಕಂಪನಿ. ಅದು ನಮಗೆ ಕೊಡಬೇಕಾದದ್ದು. ಆದರೆ ಪುಸ್ತಕವೂ ಕಂಪನಿಯದೇ, ಪೆನ್ನೂ ಕಂಪನಿಯದೇ. ಸಾಲಗಾರನೇ ‘ಮೂರು ವರ್ಷದೊಳಗೆ ಕೇಳದಿದ್ದರೆ ನಿನ್ನ ಸಾಲ ಮನ್ನಾ’ ಎಂದು ತನಗೆ ತಾನೇ ಬರೆದುಕೊಂಡರೆ ಹೇಗಿರುತ್ತದೆ? ಇದು ಬರೀ ಹೋಲಿಕೆ ಅಲ್ಲ. ಈಗಿನ ಲೆಕ್ಕಪತ್ರದ ನಿಯಮದಲ್ಲಿ ಬಾಕಿ ಪಾಯಿಂಟುಗಳನ್ನು ಕಂಪನಿಗಳು ತಮ್ಮ ಹೊಣೆ ಎಂದೇ ತೋರಿಸಬೇಕು. ಅವಧಿ ಮುಗಿದು ಪಾಯಿಂಟ್ ಸತ್ತಾಗ ಆ ಹೊಣೆ ಇಳಿದು ಆದಾಯದ ಸಾಲಿಗೆ ಬರುತ್ತದೆ.

ಸಾಲಗಾರ ತನ್ನ ಮಾತನ್ನು ತಾನೇ ಬದಲಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನಿಯಮ ಬದಲಿಸಿ, ಬಹುಮಾನದ ಸೀಟುಗಳಿಗೆ ಮಿತಿ ಹಾಕಿತು. ಕೆಲವು ದಿನಾಂಕಗಳಲ್ಲಿ ಕೊಡುವುದೇ ಇಲ್ಲ ಎಂದಿತು. ಹಿಂದೆ ಗಳಿಸಿದ ಮೈಲಿಗೂ ಹೊಸ ನಿಯಮವೇ. ಸದಸ್ಯರು ದಾವೆ ಹೂಡಿದರು. 1995ರಲ್ಲಿ ಬಂದ ತೀರ್ಪು ಅರ್ಧ ಸಿಹಿ, ಅರ್ಧ ಕಹಿ. ರಾಜ್ಯದ ಗ್ರಾಹಕ ರಕ್ಷಣಾ ಕಾನೂನಿನ ಕೆಳಗೆ ವಿಮಾನ ಕಂಪನಿಯನ್ನು ಎಳೆಯುವಂತಿಲ್ಲ, ಆದರೆ ಕೊಟ್ಟ ಮಾತು ಮುರಿದಿದೆ ಎಂದು ಕರಾರಿನ ಆಧಾರದ ಮೇಲೆ ಕೇಳಬಹುದು ಎಂದಿತು ಕೋರ್ಟು. ಕರಾರಿನಲ್ಲೇ ‘ನಿಯಮ ಬದಲಿಸುವ ಹಕ್ಕು ನಮ್ಮದು’ ಎಂದು ಬರೆದುಕೊಂಡರೆ? ಹೆಚ್ಚಿನ ಕಂಪನಿಗಳ ಷರತ್ತಿನಲ್ಲಿ ಆ ಸಾಲು ಇದೆ. ಯಾವುದಾದರೂ ಆ್ಯಪಿನ ಸಣ್ಣ ಅಕ್ಷರ ಓದಿ ನೋಡಿ, ಸಿಗುತ್ತದೆ.

ಸಣ್ಣ ಅಕ್ಷರದ ಎದುರು ಜನ ಗೆದ್ದದ್ದು ಕೆನಡಾದಲ್ಲಿ. ಅಲ್ಲಿ 1992ರಿಂದ ‘ಏರ್ ಮೈಲ್ಸ್’ ಎಂಬ ಯೋಜನೆ ಇತ್ತು. ಹೆಸರಿನಲ್ಲಿ ವಿಮಾನ ಇದ್ದರೂ ಜನ ಮೈಲಿ ಕೂಡಿಸುತ್ತಿದ್ದದ್ದು ಕಿರಾಣಿ ಅಂಗಡಿಯಲ್ಲಿ, ಶೆಲ್ ಪೆಟ್ರೋಲ್ ಬಂಕಿನಲ್ಲಿ. ಐದು ವರ್ಷ ದಾಟಿದ ಮೈಲಿ ಸಾಯುತ್ತದೆ ಎಂದು 2011ರ ಕೊನೆಗೆ ಕಂಪನಿ ಘೋಷಿಸಿತು. ಮೊದಲ ಗಡುವು 2016ರ ಡಿಸೆಂಬರ್ 31. ಆ ವರ್ಷದ ಕೊನೆಗೆ ಜನ ಬಳಸಲು ಹೋದರೆ ಫೋನ್ ಸಿಗುತ್ತಿರಲಿಲ್ಲ. ಸಿಕ್ಕರೂ ಬೇಕಾದದ್ದು ಇರುತ್ತಿರಲಿಲ್ಲ. ಗಲಾಟೆ ಪತ್ರಿಕೆಗೆ ಬಂತು, ಒಂಟಾರಿಯೊ ಪ್ರಾಂತ್ಯದ ಶಾಸನಸಭೆಗೆ ಹೋಯಿತು. ಡಿಸೆಂಬರ್ 1ಕ್ಕೆ ಕಂಪನಿ ಗಡುವನ್ನು ರದ್ದು ಮಾಡಿತು. ಅದೇ ತಿಂಗಳು ಒಂಟಾರಿಯೊ ಕಾನೂನನ್ನೂ ಮಾಡಿತು: ಬರೀ ಕಾಲ ಕಳೆಯಿತು ಎಂಬ ಕಾರಣಕ್ಕೆ ಪಾಯಿಂಟ್ ಅಳಿಸುವಂತಿಲ್ಲ.

ಆದರೆ ನಡುವೆ ಸಿಕ್ಕಿ ನಲುಗಿದವರು ಬೇರೆ ಇದ್ದರು. ಗಡುವಿಗೆ ಹೆದರಿ, ಕೂಡಿಟ್ಟ ಮೈಲಿಯನ್ನೆಲ್ಲ ನವೆಂಬರಿನಲ್ಲೇ ಬೇಡದ ಸಾಮಾನಿಗೆ ಸುರಿದವರು. ಊರಿಗೆ ಹೋಗುವ ಟಿಕೆಟ್ಟಿಗೆ ಎಂದು ಇಟ್ಟದ್ದು ಮಿಕ್ಸರ್ ಆಗಿ ಮನೆಗೆ ಬಂತು. ಅವಧಿಗಿಂತ ಅವಧಿಯ ಹೆದರಿಕೆಯೇ ಅವರಿಗೆ ಹೆಚ್ಚು ನಷ್ಟ ಮಾಡಿತ್ತು. ಮುಂದೆ ನಮ್ಮ ಕಡೆಯ ಮೋಸದ ಮೆಸೇಜಿನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. ವಿಮಾನದ ಮಾತು ನಮಗ್ಯಾಕೆ ಎನ್ನುವ ಕಾಲ ಹೋಯಿತು. ಕಲಬುರಗಿಗೆ 2019ರಲ್ಲಿ, ಬೀದರ್‌ಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂದಿದೆ. ಭಟ್ಕಳ, ಉಡುಪಿ ಕಡೆಯಿಂದ ಗಲ್ಫಿಗೆ ಹೋಗಿ ಬರುವವರು ಮನೆಮನೆಗೂ ಇದ್ದಾರೆ.

ನಮ್ಮಲ್ಲಿ ಪಾಯಿಂಟಿಗೆ ಎರಗಿದ ದೊಡ್ಡ ಗಂಡಾಂತರ ಅವಧಿ ಅಲ್ಲ, ಕಂಪನಿಯೇ ಮುಳುಗುವುದು. ಬೆಂಗಳೂರಿನ ಕಿಂಗ್‌ಫಿಷರ್ 2005ರಲ್ಲಿ ಹಾರಲು ಶುರು ಮಾಡಿ, 2012ರ ಅಕ್ಟೋಬರ್‌ನಲ್ಲಿ ನಿಂತಿತು. ಬ್ಯಾಂಕುಗಳು ಕೋರ್ಟಿನ ಮೆಟ್ಟಿಲು ಹತ್ತಿದವು, ಸಂಬಳವಿಲ್ಲದ ನೌಕರರು ಬೀದಿಗಿಳಿದರು. ‘ಕಿಂಗ್ ಕ್ಲಬ್’ ಮೈಲಿ ಕೂಡಿಸಿದವರಿಗೆ ಹತ್ತಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಕಥೆ ಬೇರೆಯಾಯಿತು. ಅದರ ‘ಜೆಟ್‌ಪ್ರಿವಿಲೇಜ್’ ಯೋಜನೆಯನ್ನು ಮೊದಲೇ ಬೇರೆ ಕಂಪನಿಯಾಗಿ ಮಾಡಿದ್ದರು. ವಿಮಾನ ಸತ್ತಿತು, ಪಾಯಿಂಟ್ ಉಳಿಯಿತು. ಅದೇ ವರ್ಷ ನವೆಂಬರಿನಲ್ಲಿ ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿಕೊಂಡಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿದಾಗ ಅದರ ಪಾಯಿಂಟುಗಳು ಏರ್ ಇಂಡಿಯಾದ ‘ಮಹಾರಾಜ ಕ್ಲಬ್’ಗೆ ಹೋದವು. ಒಂದೇ ವಸ್ತು, ಮೂರು ಗತಿ. ಹತ್ತು ವರ್ಷ ಕೂಡಿಸಿ ಮಗಳ ಮದುವೆಯ ಹೊತ್ತಿಗೆ ಬಳಸುತ್ತೇನೆ ಎನ್ನುವವರು ಈ ಮೂರನ್ನೂ ನೆನಪಿಡಬೇಕು. ಪಾಯಿಂಟ್ ಬಂಗಾರವಲ್ಲ, ಇಟ್ಟಷ್ಟೂ ಬೆಳೆಯುವುದಿಲ್ಲ.

ಪೆಟ್ರೋಲಿಗೆ ಭಾರತ್ ಪೆಟ್ರೋಲಿಯಂ 1999ರಲ್ಲಿ ‘ಪೆಟ್ರೋಬೋನಸ್’ ಎಂಬ ಕಾರ್ಡ್ ತಂದಿತು. ಆಗ ದರ ಸರ್ಕಾರದ ಕೈಯಲ್ಲೇ ಇತ್ತು, ಕಂಪನಿಗಳಿಗೆ ದರ ಇಳಿಸಿ ಗಿರಾಕಿ ಸೆಳೆಯುವ ಅವಕಾಶ ಇರಲಿಲ್ಲ. ಉಳಿದದ್ದು ಪಾಯಿಂಟ್. ಮುಂದೆ 2010ರಲ್ಲಿ ಪೆಟ್ರೋಲ್, 2014ರಲ್ಲಿ ಡೀಸೆಲ್ ದರದ ಹಿಡಿತವನ್ನು ಸರ್ಕಾರ ಬಿಟ್ಟಿತು. ಆದರೂ ಒಂದೇ ಊರಿನ ಮೂರು ಸರ್ಕಾರಿ ಕಂಪನಿಗಳ ಬಂಕಿನ ದರ ನೋಡಿ, ಪೈಸೆಗಳ ವ್ಯತ್ಯಾಸ. ಆದ್ದರಿಂದ ಪಾಯಿಂಟ್ ಉಳಿದಿದೆ. ಕಾರ್ಡ್ ಹೋಗಿ ಮೊಬೈಲ್ ನಂಬರ್ ಬಂದಿದೆ. ನೋಟು ರದ್ದಾದ ಸಮಯದಲ್ಲಿ, 2016ರ ಡಿಸೆಂಬರಿನಲ್ಲಿ, ಕಾರ್ಡ್ ಉಜ್ಜಿದರೆ ನೂರಕ್ಕೆ 75 ಪೈಸೆ ವಾಪಸ್ ಎಂದರು. ಕ್ರೆಡಿಟ್ ಕಾರ್ಡಿಗೆ ಅದು 2019ರ ಅಕ್ಟೋಬರಿಗೆ ನಿಂತಿತು. ಕೊಡುವ ಅಗತ್ಯ ಮುಗಿದಾಗ ಕೊಡುವುದು ನಿಲ್ಲುತ್ತದೆ, 1973ರ ಚೀಟಿಯ ಹಾಗೆಯೇ.

ಬಂಕಿನ ಪಾಯಿಂಟ್ ಎಷ್ಟಕ್ಕೆ ಬಾಳುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿ. ಯೋಜನೆಯಿಂದ ಯೋಜನೆಗೆ ಬೇರೆ ಇರುತ್ತದೆ, ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 30 ಪೈಸೆ. 500 ರೂಪಾಯಿ ಪೆಟ್ರೋಲ್ ಹಾಕಿಸಿದರೆ ಒಂದೂವರೆ ರೂಪಾಯಿ. ಅದಕ್ಕಾಗಿ ಹತ್ತಿರದ ಬಂಕ್ ಬಿಟ್ಟು ಐದು ಕಿಲೋಮೀಟರ್ ಆಚೆಯ ಬಂಕಿಗೆ ಬೈಕ್ ಓಡಿಸಿದರೆ ಹೋಗಿ ಬರಲು 20 ರೂಪಾಯಿ ಪೆಟ್ರೋಲ್ ಸುಟ್ಟಿತು. ವರ್ಷಕ್ಕೆ ಟ್ರ್ಯಾಕ್ಟರಿಗೆ 60,000 ರೂಪಾಯಿ ಡೀಸೆಲ್ ಹಾಕಿಸುವ ರೈತನಿಗೆ ಇದೇ ಲೆಕ್ಕದಲ್ಲಿ 180 ರೂಪಾಯಿ. ಬಿಡುವುದು ಬೇಡ, ಆದರೆ ಅದರ ಹಿಂದೆ ಓಡುವುದೂ ಬೇಡ. ಹೇಗೂ ಹೋಗುವ ಬಂಕಿನ ಆ್ಯಪ್ ಒಂದು ಸಾಕು. ನಂಬರ್ ಹೇಳಿದ ಮೇಲೆ ಮೆಸೇಜ್ ಬಂತೇ ಎಂದು ಅಲ್ಲೇ ನೋಡಿ. ಬರದಿದ್ದರೆ ಅಲ್ಲೇ ಕೇಳಿ, ಮನೆಗೆ ಬಂದ ಮೇಲೆ ಕೇಳಿ ಉಪಯೋಗವಿಲ್ಲ.

ಅವಧಿಯಲ್ಲಿ ಎರಡು ಜಾತಿ ಇದೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದು ಜಾತಿಯಲ್ಲಿ ಕೊನೆಯ ವ್ಯವಹಾರದಿಂದ ದಿನ ಎಣಿಸುತ್ತಾರೆ. ಖಾತೆಯಲ್ಲಿ ಸಣ್ಣ ಅಲುಗಾಟ ಆದರೂ, ಅಂದರೆ ಸ್ವಲ್ಪ ಪಾಯಿಂಟ್ ಸೇರಿದರೂ ಖರ್ಚಾದರೂ, ಗಡಿಯಾರ ಮತ್ತೆ ಮೊದಲಿನಿಂದ ಶುರು. ಯಾವ ವ್ಯವಹಾರ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮಾತ್ರ ಷರತ್ತಿನಲ್ಲಿ ನೋಡಿಕೊಳ್ಳಬೇಕು. ಕೆಲವರು ವಿಮಾನ ಹತ್ತಿದ್ದನ್ನು ಮಾತ್ರ ಎಣಿಸುತ್ತಾರೆ. ಇನ್ನೊಂದು ಜಾತಿಯಲ್ಲಿ ಗಳಿಸಿದ ದಿನದಿಂದಲೇ ಎಣಿಕೆ. ಅಲ್ಲಿ ಏನು ಮಾಡಿದರೂ ಹಳೆಯ ಪಾಯಿಂಟ್ ಉಳಿಯುವುದಿಲ್ಲ, ಬಳಸುವುದೊಂದೇ ದಾರಿ. ಗಲ್ಫಿನವರು ಹೆಚ್ಚು ಬಳಸುವ ಎಮಿರೇಟ್ಸ್ ಎರಡನೇ ಜಾತಿ. ಅದರ ಮೈಲಿಗೆ ಮೂರು ವರ್ಷ, ಮೂರನೇ ವರ್ಷದಲ್ಲಿ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಸಾಯುತ್ತದೆ. ಆದರೆ ಮನೆಯವರೆಲ್ಲರ ಮೈಲಿಯನ್ನು ಒಂದೇ ಕಡೆ ಕೂಡಿಸುವ ಅವಕಾಶ ಅದರಲ್ಲಿದೆ. ಮಗನದ್ದು ಇಷ್ಟು, ಸೊಸೆಯದ್ದು ಇಷ್ಟು ಎಂದು ಚೂರುಚೂರಾಗಿ ಸಾಯುವ ಬದಲು ಒಂದು ಟಿಕೆಟ್ ಆದೀತು. ಕಂಪನಿಗಳು ‘ದುಡ್ಡು ಕೊಟ್ಟರೆ ಅವಧಿ ವಿಸ್ತರಿಸುತ್ತೇವೆ’ ಎನ್ನುವುದೂ ಉಂಟು. ಸಾಲಗಾರನಿಗೆ ನಾವೇ ಬಡ್ಡಿ ಕೊಟ್ಟ ಹಾಗೆ! ತಿಂಗಳೊಳಗೆ ಟಿಕೆಟ್ ತೆಗೆಯುವುದು ಗ್ಯಾರಂಟಿ ಇದ್ದರೆ ಮಾತ್ರ ಯೋಚಿಸಿ.

ಮತ್ತೆ ಆ 9,980 ರೂಪಾಯಿಯ ಮೆಸೇಜು. ಮೇಲಿನ ಲೆಕ್ಕ ಓದಿದವರಿಗೆ ಮೊದಲ ಅನುಮಾನ ಮೊತ್ತದ ಮೇಲೇ ಬರಬೇಕು. ಅಷ್ಟು ಪಾಯಿಂಟ್ ಕೂಡಬೇಕಾದರೆ ನಾವು ಖರ್ಚು ಮಾಡಿರಬೇಕಾದದ್ದು ಲಕ್ಷಗಟ್ಟಲೆ. ಎರಡನೆಯದು ಆ್ಯಪ್. ಮೆಸೇಜಿನ ಜೊತೆ ಬರುವ ಕಡತದ ಹೆಸರಿನ ಕೊನೆಗೆ ‘ಎಪಿಕೆ’ ಎಂದಿರುತ್ತದೆ. ಅದನ್ನು ಒತ್ತಿ ಹಾಕಿಕೊಂಡರೆ ನಿಮ್ಮ ಫೋನಿಗೆ ಬರುವ ಓಟಿಪಿ ಅವನಿಗೂ ಕಾಣುವಂತಾಗಬಹುದು. ವಾಟ್ಸಾಪ್‌ನಲ್ಲಾಗಲಿ ಮೆಸೇಜಿನಲ್ಲಾಗಲಿ ರಿವಾರ್ಡ್ ಪಾಯಿಂಟಿಗೆ ಇಂಥ ಲಿಂಕು, ಎಪಿಕೆ ಕಳಿಸುವುದಿಲ್ಲ ಎಂದು ಸ್ಟೇಟ್ ಬ್ಯಾಂಕ್ ತನ್ನ ಹೆಸರಿನಲ್ಲಿ ಹರಡಿದ ಮೆಸೇಜಿನ ಬಗ್ಗೆ ಬಹಿರಂಗವಾಗಿಯೇ ಹೇಳಿದೆ. ನಿಜವಾಗಿ ಪಾಯಿಂಟ್ ಇದ್ದರೆ ಅದು ಬ್ಯಾಂಕಿನ ಆ್ಯಪಿನಲ್ಲೇ ಕಾಣುತ್ತದೆ, ಇಲ್ಲವೇ ಶಾಖೆಗೆ ಹೋಗಿ ಕೇಳಬಹುದು. ದುಡ್ಡು ಹೋಗಿದ್ದರೆ ನಾಚಿಕೆ ಪಡುತ್ತ ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚು.

ಇನ್ನು ಒಂದು ವಿಷಯ, ನಮ್ಮ ಹೆದ್ದಾರಿ ಊರುಗಳದ್ದು. ಲಾರಿಗಳಿಗೆ ಬೇರೆಯದೇ ಕಾರ್ಡುಗಳಿವೆ: ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಹಿಂದುಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್. ಲಾರಿಯ ಟ್ಯಾಂಕ್ ದೊಡ್ಡದು, ಪಾಯಿಂಟಿನ ಮೊತ್ತವೂ ದೊಡ್ಡದು. ಒಂದು ಲಾರಿ ತಿಂಗಳಿಗೆ ಕುಡಿಯುವ ಡೀಸೆಲ್ ಒಬ್ಬ ರೈತನ ಟ್ರ್ಯಾಕ್ಟರಿನ ವರ್ಷದ ಲೆಕ್ಕವನ್ನು ದಾಟುತ್ತದೆ. ಖಾತೆ ಮಾಲೀಕನ ಹೆಸರಲ್ಲಿರುತ್ತದೆ, ರಾತ್ರಿ ಎರಡು ಗಂಟೆಗೆ ಬಂಕಿನಲ್ಲಿ ಇಳಿದು ಕಾರ್ಡ್ ಕೊಡುವವನು ಡ್ರೈವರ್. ಡೀಸೆಲಿನ ದುಡ್ಡು ಮಾಲೀಕನದೇ, ಹಾಗಾಗಿ ಪಾಯಿಂಟ್ ಅವನಿಗೆ ಸೇರುವುದು ತಪ್ಪೇನಲ್ಲ. ಆದರೆ ಆರೇಳು ಲಾರಿ ಇಟ್ಟ ಮಾಲೀಕರೊಬ್ಬರನ್ನು ‘ಪಾಯಿಂಟ್ ಎಷ್ಟಾಗಿದೆ?’ ಎಂದು ಕೇಳಿದೆ. ಅವರು ಮೊಬೈಲ್ ತೆಗೆದು, ಪಾಸ್‌ವರ್ಡ್ ನೆನಪಾಗದೆ, ‘ನಮ್ಮ ಹುಡುಗನಿಗೆ ಗೊತ್ರಿ, ಅವ ಬೆಂಗಳೂರಾಗದಾನ’ ಎಂದರು. ಪಕ್ಕದಲ್ಲಿ ನಿಂತಿದ್ದ ಡ್ರೈವರ್ ನಕ್ಕು, ‘ಸಾಹುಕಾರ್ರೆ, ಮುಗಿಯೂ ಮೊದ್ಲ ನಮ್ಮ ಟೈರಿಗಾರ ಹಾಕ್ರಿ’ ಎಂದ. ಹಿಂದಿನ ಎರಡು ಟೈರ್ ಸವೆದು ನುಣ್ಣಗಾಗಿದ್ದವು.